ಚುಂಗಾಣಿ: ಮಣ್ಣಿನಿಂದ ಬ್ರೈಯರ್‌ವರೆಗೆ

ಹೊಗೆಸೊಪ್ಪು ಸೇದುವ ಚುಂಗಾಣಿ ಅಥವಾ ಪೈಪಿಗೆ ರೂಪಗಳು ನೂರಾರು ಇದ್ದರೂ ಮುಖ್ಯ ಅಂಗಗಳು ಮೂರೇ. ಸೊಪ್ಪು ತುಂಬಿ ಬೆಂಕಿ ತಾಗಿಸುವ ಬಟ್ಟಲು, ಬಟ್ಟಲಿನ ಬುಡದಿಂದ ಹೊರಡುವ ಕೊರಳು, ಕೊರಳಿಗೆ ಸಿಕ್ಕಿಸಿದ ನಳಿಗೆ. ನಳಿಗೆಯ ತುದಿಯನ್ನು ತುಟಿಗಳ ನಡುವೆ ಹಿಡಿದು ಎಳೆದಾಗ ಬಟ್ಟಲಿನೊಳಕ್ಕೆ ಗಾಳಿ ನುಗ್ಗಿ ಕೆಂಡ ಕೆರಳುತ್ತದೆ, ಹೊಗೆ ಬಾಯಿಗೆ ಬರುತ್ತದೆ.

ಕೆಲಸ ಸರಳ, ಅದರ ತೊಡಕುಗಳು ಮಾತ್ರ ಸರಳವಲ್ಲ. ಕೆಂಡದ ಶಾಖಕ್ಕೆ ಬಟ್ಟಲು ಸುಡಬಾರದು, ಸೀಳಬಾರದು, ಹಿಡಿದ ಬೆರಳಿಗೂ ಬಿಸಿ ತಟ್ಟಬಾರದು. ಹೊಗೆ ನಾಲಿಗೆ ಮುಟ್ಟುವ ಮೊದಲು ಆರಬೇಕು. ಸೊಪ್ಪು ಉರಿಯುವಾಗ ಹುಟ್ಟುವ ಹಬೆ ಒಳಗೆ ತಣಿದು ಕಹಿ ನೀರಾಗುತ್ತದೆ. ಅದು ಬಾಯಿಗೆ ಬರದಂತೆ ಎಲ್ಲಾದರೂ ತಡೆಯಬೇಕು. ಮಣ್ಣು, ಕಲ್ಲು, ಲೋಹ, ಮರ ಈ ಮೂರು ತೊಡಕುಗಳನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿದವು. ಚುಂಗಾಣಿಯ ಆಕಾರಗಳು ಹುಟ್ಟಿದ್ದು ಬಹುಮಟ್ಟಿಗೆ ಹೀಗೆ. ಅಲಂಕಾರ ಬಂದದ್ದು ಆಮೇಲೆ.

ಕೆಂಪು ಕಲ್ಲು

ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ಅದನ್ನು ಚುಂಗಾಣಿಯಲ್ಲಿ ಸೇದುವ ರೂಢಿಯೂ ಅಲ್ಲಿಯ ಮೂಲನಿವಾಸಿಗಳದೇ. ಇಂದಿನ ಒಹಾಯೊ ರಾಜ್ಯದಲ್ಲಿ ಸುಮಾರು 2000 ವರ್ಷ ಹಳೆಯ ಹೋಪ್‌ವೆಲ್ ಸಂಸ್ಕೃತಿಯ ದಿಬ್ಬಗಳಲ್ಲಿ ಕಲ್ಲಿನ ಚುಂಗಾಣಿಗಳು ದೊರೆತಿವೆ. ತುಸು ಬಾಗಿದ ತೆಳು ಪೀಠ, ಅದರ ಮೇಲೆ ಕಪ್ಪೆ, ನೀರುನಾಯಿ ಅಥವಾ ಹಕ್ಕಿಯ ಆಕೃತಿ, ಆ ಆಕೃತಿಯ ಬೆನ್ನಿನಲ್ಲೇ ಕೊರೆದ ಬಟ್ಟಲು. ಪೀಠದ ಒಂದು ತುದಿಯೇ ನಳಿಗೆ.

ನಂತರದ ಶತಮಾನಗಳಲ್ಲಿ ಹೆಸರಾದದ್ದು ಮಿನೆಸೋಟಾದ ಪೈಪ್‌ಸ್ಟೋನ್ ಎಂಬಲ್ಲಿ ಸಿಗುವ ಕೆಂಪು ಕಲ್ಲು. 1836ರಲ್ಲಿ ಅಲ್ಲಿಗೆ ಹೋದ ಚಿತ್ರಕಾರ ಜಾರ್ಜ್ ಕ್ಯಾಟ್ಲಿನ್ ಹೆಸರಿನಿಂದ ಅದಕ್ಕೆ ಕ್ಯಾಟ್ಲಿನೈಟ್ ಎಂದಾಯಿತು. ಜೇಡಿಯೇ ಗಟ್ಟಿಯಾಗಿ ಆದ ಈ ಕಲ್ಲು ಚೂರಿಗೂ ಅರಕ್ಕೂ ಬಗ್ಗುವಷ್ಟು ಮೃದು. ಆದರೆ ಅದು ಇರುವುದು ಅತಿ ಗಟ್ಟಿಯಾದ ಕ್ವಾರ್ಟ್‌ಜೈಟ್ ಬಂಡೆಯ ಅಡಿಯಲ್ಲಿ, ತೆಳುವಾದ ಪದರಗಳಾಗಿ. ಮೇಲಿನ ಬಂಡೆಯನ್ನು ಒಡೆದು ತೆಗೆದ ಮೇಲೆಯೇ ಕೆಂಪು ಕಲ್ಲಿಗೆ ಕೈ ಹಾಕಬೇಕು. 1937ರಲ್ಲಿ ಆ ಜಾಗ ರಾಷ್ಟ್ರೀಯ ಸ್ಮಾರಕವಾಯಿತು. ಅಲ್ಲಿ ಕಲ್ಲು ತೆಗೆಯುವ ಹಕ್ಕು ಮೂಲನಿವಾಸಿ ಬುಡಕಟ್ಟುಗಳ ಸದಸ್ಯರಿಗೆ ಮಾತ್ರ ಇದೆ, ಅದೂ ಕೈ ಸಲಕರಣೆಗಳಿಂದ. ಈ ಕಲ್ಲಿನ ಬಟ್ಟಲಿಗೆ ಉದ್ದದ ಮರದ ನಳಿಗೆ ಸೇರಿಸುತ್ತಾರೆ. ಬಯಲುಸೀಮೆಯ ಬುಡಕಟ್ಟುಗಳಿಗೆ ಇದು ಪ್ರಾರ್ಥನೆಗೂ ಒಪ್ಪಂದಕ್ಕೂ ಬೇಕಾದ ಪವಿತ್ರ ವಸ್ತು. ಆಚರಣೆ ಇಲ್ಲದಾಗ ಬಟ್ಟಲನ್ನೂ ನಳಿಗೆಯನ್ನೂ ಬಿಡಿಸಿ ಇಡುವ ಪದ್ಧತಿ ಹಲವರಲ್ಲಿದೆ.

ಬಿಳಿ ಜೇಡಿಮಣ್ಣು

ಹೊಗೆಸೊಪ್ಪು ಯುರೋಪಿಗೆ ಬಂದ ಮೇಲೆ 16ನೇ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನಲ್ಲಿ ಮಣ್ಣಿನ ಚುಂಗಾಣಿ ರೂಢಿಗೆ ಬಂತು. ಸುಟ್ಟರೆ ಬೆಳ್ಳಗಾಗುವ ನುಣುಪು ಜೇಡಿ ಅದರ ಕಚ್ಚಾವಸ್ತು. ದೊರೆ ಒಂದನೇ ಜೇಮ್ಸ್ 1604ರಲ್ಲಿ ಹೊಗೆಸೊಪ್ಪನ್ನು ಖಂಡಿಸಿ ಪುಸ್ತಿಕೆಯನ್ನೇ ಬರೆದ. 1619ರಲ್ಲಿ ಚುಂಗಾಣಿ ತಯಾರಕರ ಸಂಘಕ್ಕೆ ಸನದು ಕೊಟ್ಟವನೂ ಅವನೇ. ಚಟದ ಮೇಲಿನ ಸಿಟ್ಟಿಗೂ ಕಸುಬಿನ ಮೇಲಿನ ಹಿಡಿತಕ್ಕೂ ಅವನ ಆಡಳಿತದಲ್ಲಿ ಅಡ್ಡಿಯಿರಲಿಲ್ಲ.

ಮಣ್ಣಿನ ಚುಂಗಾಣಿ ಮಾಡುವ ಕ್ರಮ ಮೂರು ಶತಮಾನ ಹೆಚ್ಚು ಬದಲಾಗಲಿಲ್ಲ. ಹದಗೊಳಿಸಿದ ಜೇಡಿಯ ಉಂಡೆಯನ್ನು ಹಲಗೆಯ ಮೇಲೆ ಹೊಸೆದು, ಒಂದು ತುದಿಯಲ್ಲಿ ಗುಂಡನೆಯ ಮುದ್ದೆ ಉಳಿಯುವಂತೆ ಉದ್ದ ಬತ್ತಿ ಮಾಡುತ್ತಿದ್ದರು. ಬತ್ತಿ ತುಸು ಬಿಗಿಯಾದ ಮೇಲೆ ಎಣ್ಣೆ ಸವರಿದ ತಂತಿಯನ್ನು ಅದರ ನಡುವೆ ತುದಿಯಿಂದ ಮುದ್ದೆಯ ಬುಡದವರೆಗೆ ತೂರಿಸಬೇಕು. ತಂತಿಯ ಮೊನೆ ಎಲ್ಲಿ ಸಾಗುತ್ತಿದೆ ಎಂದು ಕಣ್ಣಿಗೆ ಕಾಣದು. ಬೆರಳಿನ ಸ್ಪರ್ಶದಿಂದಲೇ ತಿಳಿಯಬೇಕು. ಇಡೀ ಕಸುಬಿನ ಕಷ್ಟದ ಹಂತ ಇದು. ತಂತಿಯ ಸಮೇತ ಬತ್ತಿಯನ್ನು ಎರಡು ಹೋಳಿನ ಲೋಹದ ಅಚ್ಚಿನಲ್ಲಿ ಇಟ್ಟು ಬಿಗಿದು, ಸನ್ನೆಗೋಲಿಗೆ ಕಟ್ಟಿದ ಶಂಕುವಿನಾಕಾರದ ಕಬ್ಬಿಣದಿಂದ ಮುದ್ದೆಯನ್ನು ಒತ್ತಿದರೆ ಬಟ್ಟಲಿನ ಕುಳಿ ಬೀಳುತ್ತದೆ. ತಂತಿಯನ್ನು ಇನ್ನಷ್ಟು ನೂಕಿ ಕುಳಿಗೆ ಸೇರಿಸಿದರೆ ಹೊಗೆಯ ದಾರಿ ತೆರೆಯುತ್ತದೆ. ಆಮೇಲೆ ಅಂಚು ಹೆರೆಯುವುದು, ಒಣಗಿಸುವುದು, ಭಟ್ಟಿಯಲ್ಲಿ ಸುಡುವುದು. ಸುಟ್ಟ ಜೇಡಿ ತೇವವನ್ನು ಹೀರುವುದರಿಂದ ತುಟಿಗೆ ಅಂಟಿಕೊಳ್ಳುತ್ತದೆ. ಅದಕ್ಕಾಗಿ ನಳಿಗೆಯ ತುದಿಗೆ ಮೇಣವನ್ನೋ ಮೆರುಗನ್ನೋ ಹಚ್ಚುತ್ತಿದ್ದರು.

ಮೊದಮೊದಲಿನ ಬಟ್ಟಲುಗಳು ತೀರಾ ಚಿಕ್ಕವು, ಬೆರಳ ತುದಿ ಹಿಡಿಸುವಷ್ಟು. ಸೊಪ್ಪು ದುಬಾರಿಯಾಗಿದ್ದುದೇ ಕಾರಣ. ವರ್ಜೀನಿಯಾದ ಬೆಳೆ ಹೆಚ್ಚಿ ಸೊಪ್ಪು ಅಗ್ಗವಾದ ಹಾಗೆಲ್ಲ ಬಟ್ಟಲು ದೊಡ್ಡದಾಯಿತು. ಅದರ ಜೊತೆಗೇ ನಳಿಗೆಯೂ ಉದ್ದವಾಯಿತು. ಮಣ್ಣಿನ ಬಟ್ಟಲು ಬೇಗ ಕಾಯುತ್ತದೆ. ಕೆಂಡವನ್ನು ಮುಖದಿಂದ ದೂರ ಇಟ್ಟು ಹೊಗೆಯನ್ನು ಉದ್ದ ದಾರಿಯಲ್ಲಿ ಆರಿಸುವುದೇ ಅದಕ್ಕೆ ಮದ್ದು. ಹೀಗೆ ಬೆಳೆದ ಮಾರುದ್ದದ ಚುಂಗಾಣಿಗೆ ಚರ್ಚ್‌ವಾರ್ಡನ್ ಎಂಬ ಹೆಸರು ಬಂತು. ಕೈಕೆಲಸದ ಜನರಿಗೆ ಉದ್ದದ್ದು ಅಡ್ಡಿ. ಅವರು ಕಟಿ ಎಂಬ ಮೋಟು ಚುಂಗಾಣಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ದುಡಿಯುತ್ತಿದ್ದರು. ಬಟ್ಟಲಿನ ಅಡಿಯಲ್ಲಿ ಚಪ್ಪಟೆ ಹಿಮ್ಮಡಿಯೊಂದನ್ನು ಬಿಡುತ್ತಿದ್ದುದು ಮೇಜಿನ ಮೇಲೆ ನಿಲ್ಲಿಸಲೆಂದು. ತಯಾರಕರು ತಮ್ಮ ಮುದ್ರೆಯನ್ನು ಒತ್ತುತ್ತಿದ್ದುದೂ ಆ ಹಿಮ್ಮಡಿಯ ಮೇಲೆಯೇ.

ಇಂಗ್ಲೆಂಡಿನಲ್ಲಿ ಶ್ರಾಪ್‌ಶೈರಿನ ಬ್ರೋಸ್ಲಿ, ಹಾಲೆಂಡಿನಲ್ಲಿ ಗೌಡಾ ಈ ಕಸುಬಿಗೆ ಹೆಸರಾದ ಊರುಗಳು. ಗೌಡಾದಲ್ಲಿ ಕಸುಬನ್ನು ಆರಂಭಿಸಿದವರು 17ನೇ ಶತಮಾನದ ಆದಿಯಲ್ಲಿ ಅಲ್ಲಿ ನೆಲೆಸಿದ ಇಂಗ್ಲಿಷರು. ಅಲ್ಲಿನ ಉತ್ತಮ ದರ್ಜೆಯ ಚುಂಗಾಣಿಗಳನ್ನು ಸುಡುವ ಮೊದಲು ನುಣುಪು ಕಲ್ಲಿನಿಂದ ತಿಕ್ಕಿ ಹೊಳಪು ಕೊಡುತ್ತಿದ್ದರು. ಫ್ರಾನ್ಸಿನ ಜಿವೆಯಲ್ಲಿ ಗಾಂಬಿಯೆ ಸಂಸ್ಥೆ ಹೆಸರಾಂತರ ಮುಖಗಳನ್ನೇ ಬಟ್ಟಲಾಗಿ ಅಚ್ಚು ಹಾಕಿತು.

ಮಣ್ಣಿನ ಚುಂಗಾಣಿ ಅಗ್ಗ, ಬೇಗ ಒಡೆಯುತ್ತದೆ, ಒಡೆದದ್ದು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಹಾಗಾಗಿ ಅದರ ಚೂರುಗಳು ಪುರಾತತ್ವಜ್ಞರಿಗೆ ಕಾಲಸೂಚಿಗಳು. ವರ್ಜೀನಿಯಾದ ಜೇಮ್ಸ್‌ಟೌನಿನ ಉತ್ಖನನದಲ್ಲಿ ದುಡಿದ ಜೆ.ಸಿ. ಹ್ಯಾರಿಂಗ್ಟನ್ 1954ರಲ್ಲಿ ನಳಿಗೆಯ ರಂಧ್ರದ ಅಳತೆ ಕಾಲಕ್ರಮದಲ್ಲಿ ಕಿರಿದಾದುದನ್ನು ತೋರಿಸಿದರು. 1600ರ ಆಸುಪಾಸಿನ ನಳಿಗೆಯ ರಂಧ್ರ ಒಂದು ಅಂಗುಲದ 64ರಲ್ಲಿ 9 ಪಾಲು, ಅಂದರೆ ಸುಮಾರು 3.6 ಮಿಲಿಮೀಟರ್, 18ನೇ ಶತಮಾನದ ಉತ್ತರಾರ್ಧಕ್ಕೆ ಅದು 4 ಪಾಲಿಗೆ, ಸುಮಾರು 1.6 ಮಿಲಿಮೀಟರಿಗೆ ಇಳಿದಿತ್ತು. ನಳಿಗೆ ಉದ್ದವಾದಂತೆ ತೆಳ್ಳಗಿನ ತಂತಿ ಬೇಕಾದುದು ಇದಕ್ಕೆ ಕಾರಣವೆಂದು ವಿವರಿಸುತ್ತಾರೆ. ಬಟ್ಟಲು ಸಿಗದಿದ್ದರೂ ಒಂದು ಹಿಡಿ ನಳಿಗೆಯ ತುಂಡುಗಳಿಂದ ನೆಲೆಯೊಂದರ ವಯಸ್ಸನ್ನು ಅಂದಾಜು ಮಾಡುವುದು ಹೀಗೆ ಸಾಧ್ಯವಾಯಿತು.

ಪೂರ್ವದ ಮೂರು ಬಗೆ

ಆಟೊಮನ್ ಸಾಮ್ರಾಜ್ಯದಲ್ಲಿ ಬಟ್ಟಲು ಮಾತ್ರ ಮಣ್ಣಿನದು, ನಳಿಗೆ ಮರದ್ದು. ಚಿಬೂಕ್ ಎಂಬ ಈ ಚುಂಗಾಣಿಗೆ ಚೆರಿ ಅಥವಾ ಮಲ್ಲಿಗೆಯ ಉದ್ದ ಕೋಲನ್ನು ಕೊರೆದು ನಳಿಗೆ ಮಾಡುತ್ತಿದ್ದರು. ಶ್ರೀಮಂತರ ಚಿಬೂಕಿನ ಉದ್ದ ಒಂದೂವರೆ ಮೀಟರ್ ಮುಟ್ಟುತ್ತಿತ್ತು. ಅದರ ಬಾಯಿತುದಿ ಅಂಬರಿನದು. ಇಸ್ತಾಂಬುಲಿನ ತೋಪ್‌ಹಾನೆ ಬಡಾವಣೆಯ ಕೆಂಪು ಮಣ್ಣಿನ ಬಟ್ಟಲುಗಳು ಹೊಳಪಿಗೂ ಚಿನ್ನದ ಲೇಪಕ್ಕೂ ಹೆಸರಾಗಿದ್ದವು. ಸುಲ್ತಾನ ನಾಲ್ಕನೇ ಮುರಾದ್ 1633ರಲ್ಲಿ ಹೊಗೆಸೊಪ್ಪಿಗೆ ಮರಣದಂಡನೆಯ ಶಿಕ್ಷೆಯನ್ನೇ ವಿಧಿಸಿದರೂ ರೂಢಿ ಅಳಿಯಲಿಲ್ಲ.

ಜಪಾನಿನ ಕಿಸೆರು ಇದಕ್ಕೆ ತದ್ವಿರುದ್ಧ. ಅದರ ಬಟ್ಟಲೂ ಬಾಯಿತುದಿಯೂ ಲೋಹದವು, ನಡುವಿನ ನಳಿಗೆ ಬಿದಿರಿನದು. ಬಟ್ಟಲಿಗೆ ಹಿಡಿಸುವುದು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ಸೊಪ್ಪಿನ ಒಂದು ಚಿಟಿಕೆ. ಎರಡು ಮೂರು ದಮ್ಮಿಗೆ ಅದು ಮುಗಿಯುತ್ತದೆ. ಲೋಹ ಕಾಯುವ ಮೊದಲೇ ಬೆಂಕಿ ಆರಿರುತ್ತದೆ.

ಮೂರನೆಯ ಬಗೆ ಹೊಗೆಯನ್ನು ನೀರಿನ ಮೂಲಕ ಹಾಯಿಸುವ ಹುಕ್ಕಾ, ಅಂದರೆ ಗುಡಗುಡಿ. ಭಾರತದ ಹೊಗೆಸೊಪ್ಪಿನ ಚರಿತ್ರೆಯಲ್ಲಿ ವಿಜಯಪುರಕ್ಕೆ ಖಚಿತವಾದ ಸ್ಥಾನವಿದೆ. ಅಕ್ಬರನ ಅಧಿಕಾರಿ ಅಸದ್ ಬೇಗ್ ಆದಿಲ್‌ಶಾಹಿ ಆಸ್ಥಾನಕ್ಕೆ ಬಂದಿದ್ದಾಗ ಹೊಗೆಸೊಪ್ಪನ್ನು ಮೊದಲು ಕಂಡದ್ದು ಅಲ್ಲಿ. ಸ್ವಲ್ಪ ಸೊಪ್ಪನ್ನೂ ಒಂದು ಚುಂಗಾಣಿಯನ್ನೂ ಅವನು 1604ರ ಸುಮಾರಿಗೆ ಅಕ್ಬರನಿಗೆ ಒಪ್ಪಿಸಿದ. ಮೂರು ಮೊಳ ಉದ್ದದ ನಳಿಗೆ, ಅದರ ಎರಡೂ ತುದಿಗೆ ರತ್ನ ಮತ್ತು ಮೀನಾಕಾರಿ ಕೆಲಸ, ಯೆಮನಿನ ಕೆಂಪು ಅಕೀಕದ ಬಾಯಿತುದಿ, ಚಿನ್ನದ ಬಟ್ಟಲು ಎಂದು ಅವನ ಬರಹ ವರ್ಣಿಸುತ್ತದೆ. ಆದಿಲ್‌ಶಾಹ ಕೊಟ್ಟಿದ್ದ ವೀಳ್ಯದ ಸಂಚಿಯಲ್ಲೇ ಸೊಪ್ಪು ತುಂಬಿದ್ದನಂತೆ. ಅಕ್ಬರ್ ಕುತೂಹಲಕ್ಕೆ ಒಂದೆರಡು ದಮ್ಮು ಎಳೆದ. ಅವನ ವೈದ್ಯ ಬೇಡವೆಂದ. ಮುಂದೆ ಜಹಾಂಗೀರ್ 1617ರಲ್ಲಿ ಹೊಗೆಸೊಪ್ಪನ್ನು ನಿಷೇಧಿಸಿದರೂ ಹುಕ್ಕಾ ಅರಮನೆಗಳಲ್ಲೂ ಜನರ ಕಟ್ಟೆಗಳ ಮೇಲೂ ನೆಲೆಯೂರಿತು.

ಹುಕ್ಕಾದ ನೀರಿನ ಕುಂಡ ಬೀದರಿನ ಕುಶಲಕರ್ಮಿಗಳಿಗೆ ದೊಡ್ಡ ಕೆಲಸ ತಂದಿತು. ಬಿದರಿ ಕಲೆಯ ಪಾತ್ರೆ ಬಹುಪಾಲು ಸತು, ಸ್ವಲ್ಪ ತಾಮ್ರ ಬೆರೆತ ಎರಕ. ಅದರ ಮೈಮೇಲೆ ಉಳಿಯಿಂದ ಚಿತ್ತಾರ ಕೊರೆದು, ಗೀರಿಗೆ ಬೆಳ್ಳಿಯ ತಂತಿ ಅಥವಾ ತಗಡು ಬಡಿದು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿ ದ್ರಾವಣದಲ್ಲಿ ಅದ್ದುತ್ತಾರೆ. ಎರಕ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 17ನೇ ಶತಮಾನದ ಕುಂಡಗಳು ಗುಂಡನೆಯವು. ಉರುಳದಂತೆ ಬಳೆಯಂಥ ಆಧಾರದ ಮೇಲೆ ಕೂರಿಸಬೇಕಿತ್ತು. 18ನೇ ಶತಮಾನದಲ್ಲಿ ತಳ ಅಗಲವಾದ ಗಂಟೆಯಾಕಾರ ರೂಢಿಗೆ ಬಂದು ಕುಂಡ ತಾನಾಗಿ ನಿಂತಿತು. ಇಂಥ ಕುಂಡಗಳು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವೂ ಸೇರಿದಂತೆ ಅನೇಕ ಕಡೆ ಇವೆ.

ಪಿಂಗಾಣಿ, ಮೀರ್‌ಶಾಮ್, ಜೋಳದ ಬೆಂಡು

18ನೇ ಶತಮಾನದ ಜರ್ಮನ್ ನಾಡುಗಳಲ್ಲಿ ಪಿಂಗಾಣಿಯ ಬಟ್ಟಲು ಜನಪ್ರಿಯವಾಯಿತು. ಅದರ ಮೇಲೆ ಬೇಟೆಯ ದೃಶ್ಯ, ಭಾವಚಿತ್ರ ಏನನ್ನೂ ಬರೆಯಬಹುದು. ಸೇನಾ ಸೇವೆ ಮುಗಿಸಿದ ಸೈನಿಕರು ತಮ್ಮ ದಳದ ಹೆಸರು ಬರೆಸಿದ ಪಿಂಗಾಣಿ ಚುಂಗಾಣಿಯನ್ನು ನೆನಪಿಗೆ ಒಯ್ಯುತ್ತಿದ್ದರು. ಆದರೆ ಪಿಂಗಾಣಿ ಒಂದು ಹನಿಯನ್ನೂ ಹೀರದು. ಆದ್ದರಿಂದ ಬಟ್ಟಲಿನ ಕೆಳಗೆ ಕಹಿ ನೀರು ಇಳಿಯಲು ಬೇರೆಯೇ ತೊಟ್ಟಿ ಜೋಡಿಸಿದರು. ಬಟ್ಟಲು, ತೊಟ್ಟಿ, ನಳಿಗೆ ಎಲ್ಲ ಬಿಡಿಬಿಡಿಯಾಗಿ ಬಿಚ್ಚಿ ತೊಳೆಯುವಂಥವು.

ಮೀರ್‌ಶಾಮ್ ಇದಕ್ಕೆ ಪೂರ್ತಿ ವಿರುದ್ಧ ಗುಣದ್ದು. ಸೆಪಿಯೊಲೈಟ್ ಎಂಬ ಈ ಬಿಳಿ ಖನಿಜ ಮೆಗ್ನೀಸಿಯಮ್ ಸಿಲಿಕೇಟ್ ಜಾತಿಯದು. ಅದಕ್ಕೆ ಪ್ರಸಿದ್ಧವಾದ ನೆಲೆ ಟರ್ಕಿಯ ಎಸ್ಕಿಶೆಹಿರ್. ಅಲ್ಲಿ ಬಾವಿಯಂಥ ಗುಂಡಿ ತೋಡಿ ಗಡ್ಡೆಗಡ್ಡೆಯಾಗಿ ಹೊರತೆಗೆಯುತ್ತಾರೆ. ಒಳಗೆಲ್ಲ ಸೂಕ್ಷ್ಮ ರಂಧ್ರಗಳಿರುವುದರಿಂದ ಒಣಗಿದ ತುಂಡು ನೀರಿನಲ್ಲಿ ತೇಲುತ್ತದೆ. ನೆನೆಸಿದರೆ ಚೂರಿಯಿಂದ ಕೆತ್ತುವಷ್ಟು ಮೆತ್ತಗಾಗುತ್ತದೆ. ಅದೇ ರಂಧ್ರಗಳು ತೇವವನ್ನು ಹೀರುತ್ತವೆ, ಶಾಖವನ್ನು ಹೊರಕ್ಕೆ ಬಿಡದೆ ತಡೆಯುತ್ತವೆ. ಹಗುರ, ತಂಪು, ಕೆತ್ತಲು ಸುಲಭ ಎಂಬ ಮೂರೂ ಗುಣ ಒಂದೇ ಕಲ್ಲಿನಲ್ಲಿ ಸೇರಿದ್ದರಿಂದ ಬಟ್ಟಲು ದೊಡ್ಡದಾಯಿತು, ಕುದುರೆ, ಸಿಂಹ, ಪೇಟ ಸುತ್ತಿದ ತಲೆ ಅದರ ಮೇಲೆ ಮೂಡಿದವು. 19ನೇ ಶತಮಾನದಲ್ಲಿ ವಿಯೆನ್ನಾ ಈ ಕೆತ್ತನೆಗೆ ಕೇಂದ್ರ. ಕೆತ್ತಿದ ಮೇಲೆ ಜೇನುಮೇಣದಲ್ಲಿ ಅದ್ದುತ್ತಾರೆ. ಸೇದಿದಷ್ಟೂ ಬಿಳಿ ಬಟ್ಟಲು ಹಳದಿಗೆ, ಜೇನುಬಣ್ಣಕ್ಕೆ, ಕೊನೆಗೆ ಕಂದಿಗೆ ತಿರುಗುತ್ತದೆ. ಸಂಗ್ರಾಹಕರು ಬೆಲೆ ಕಟ್ಟುವುದು ಈ ಬಣ್ಣಕ್ಕೂ ಹೌದು. 1970ರ ದಶಕದಲ್ಲಿ ಟರ್ಕಿ ಕಚ್ಚಾ ಗಡ್ಡೆಗಳ ರಫ್ತನ್ನು ನಿರ್ಬಂಧಿಸಿದ ಮೇಲೆ ಕೆತ್ತನೆಯ ಕೆಲಸ ಹೆಚ್ಚಾಗಿ ಎಸ್ಕಿಶೆಹಿರಿನಲ್ಲೇ ಉಳಿಯಿತು.

ಅಮೆರಿಕದ ರೈತರಿಗೆ ಒಗ್ಗಿದ್ದು ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು. ಮಿಸೌರಿಯ ವಾಷಿಂಗ್ಟನ್ ಎಂಬ ಊರಿನಲ್ಲಿ ಡಚ್ ಮೂಲದ ಮರಗೆಲಸಗಾರ ಹೆನ್ರಿ ಟಿಬ್ಬಿ 1869ರಲ್ಲಿ ಇದನ್ನು ಚರಕಿಗೆ ಹಾಕಿ ಚುಂಗಾಣಿ ಮಾಡತೊಡಗಿದ. ಬೆಂಡಿನ ಹೊರಮೈಯ ಕುಳಿಗಳಿಗೆ ಪ್ಲಾಸ್ಟರ್ ಮೆತ್ತಿ ನುಣ್ಣಗೆ ಉಜ್ಜುವ ಅವನ ಕ್ರಮಕ್ಕೆ 1878ರಲ್ಲಿ ಪೇಟೆಂಟ್ ಸಿಕ್ಕಿತು. ಬೆಂಡು ತೇವ ಹೀರುತ್ತದೆ, ಹಗುರ, ಅಗ್ಗ. ಕೆಲ ಕಾಲದಲ್ಲಿ ಸುಟ್ಟು ಹೋದರೆ ಎಸೆದು ಇನ್ನೊಂದು ಕೊಂಡರಾಯಿತು. ಸೇನಾಪತಿ ಡಗ್ಲಸ್ ಮ್ಯಾಕ್‌ಆರ್ಥರ್ ಚಿತ್ರಗಳಲ್ಲಿ ಕಾಣುವ ಉದ್ದ ಬಟ್ಟಲಿನ ಚುಂಗಾಣಿ ಈ ಬೆಂಡಿನದೇ.

ಬ್ರೈಯರ್ ಗೆದ್ದ ಬಗೆ

19ನೇ ಶತಮಾನದ ನಡುವಿನವರೆಗೆ ಮರದ ಬಟ್ಟಲುಗಳು ಇದ್ದರೂ ಅವು ಬೇಗ ಸುಡುತ್ತಿದ್ದವು, ಸೀಳುತ್ತಿದ್ದವು. 1850ರ ದಶಕದಲ್ಲಿ ಫ್ರಾನ್ಸಿನ ಜೂರಾ ಬೆಟ್ಟಸಾಲಿನ ಸಾಂ ಕ್ಲೋದ್ ಊರಿನ ಕುಶಲಕರ್ಮಿಗಳು ಬ್ರೈಯರನ್ನು ಕೈಗೆತ್ತಿಕೊಂಡ ಮೇಲೆ ಸ್ಥಿತಿ ಬದಲಾಯಿತು. ಬ್ರೈಯರ್ ಎಂದರೆ ಎರಿಕಾ ಆರ್ಬೋರಿಯಾ ಎಂಬ ಪೊದೆಮರದ ಬೇರಿಗೂ ಕಾಂಡಕ್ಕೂ ನಡುವೆ ಬೆಳೆಯುವ ಗಂಟು. ನೋಡಲು ಸುವರ್ಣಗಡ್ಡೆಯಂತೆ ಒಡ್ಡೊಡ್ಡಾಗಿರುತ್ತದೆ. ಕಾರ್ಸಿಕಾ, ಸಾರ್ಡೀನಿಯಾ, ಕಲಾಬ್ರಿಯಾ, ಗ್ರೀಸ್, ಅಲ್ಜೀರಿಯಾ ಮುಂತಾದ ಭೂಮಧ್ಯ ಸಮುದ್ರದ ಒಣ ಗುಡ್ಡಗಳು ಇದರ ನೆಲೆ. ಒಳ್ಳೆಯ ಗಂಟು ಬಲಿಯಲು ಹಲವು ದಶಕ ಬೇಕು.

ಅಗೆದ ಗಂಟನ್ನು ಒಣಗಲು ಬಿಟ್ಟರೆ ಸೀಳುತ್ತದೆ. ಅದಕ್ಕಾಗಿ ಒದ್ದೆಯಾಗಿಟ್ಟೇ ಗರಗಸಕ್ಕೆ ಕೊಟ್ಟು, ತುಂಡುಗಳನ್ನು ಹಂಡೆಗಳಲ್ಲಿ ಗಂಟೆಗಟ್ಟಲೆ ಕುದಿಸಿ ಒಗರನ್ನೂ ರಸವನ್ನೂ ಹೊರಡಿಸುತ್ತಾರೆ. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೆರಳಲ್ಲಿ ಆರಿಸುತ್ತಾರೆ. ಹೀಗೆ ಪಳಗಿದ ಮರ ಗಟ್ಟಿ, ಬೆಂಕಿಗೆ ಬೇಗ ಸೋಲದು, ತೇವವನ್ನೂ ಕುಡಿಯುತ್ತದೆ. ಬಳಸುತ್ತ ಹೋದಂತೆ ಕುಳಿಯ ಗೋಡೆಗೆ ಇದ್ದಿಲಿನ ತೆಳು ಪದರ ಕಟ್ಟಿಕೊಂಡು ಮರವನ್ನು ಕಾಯುತ್ತದೆ. ಆ ಪದರ ಬಟ್ಟಲಿಗಿಂತ ಹೆಚ್ಚು ಹಿಗ್ಗಿ ಅದನ್ನು ಸೀಳದಂತೆ ಆಗಾಗ ಹೆರೆದು ಒಂದು ಮಿಲಿಮೀಟರಿನ ಆಸುಪಾಸಿಗೆ ಇಳಿಸುವ ರೂಢಿಯಿದೆ.

ಗಂಟಿನ ಹೊರಭಾಗದಿಂದ ಕೊಯ್ದ ತುಂಡುಗಳಲ್ಲಿ ಎಳೆಗಳು ನೇರ. ಅಡ್ಡಕ್ಕೆ ಕೊಯ್ದ ಮುಖದಲ್ಲಿ ಅವೇ ಚುಕ್ಕಿಗಳಾಗಿ ಕಾಣುತ್ತವೆ. ಬಟ್ಟಲಿನ ಸುತ್ತಲೂ ನೇರ ಎಳೆ ಇರುವ ಚುಂಗಾಣಿಗೆ ಬೆಲೆ ಹೆಚ್ಚು. ಕಲೆಯೋ ಕುಳಿಯೋ ಇರುವ ಮರವನ್ನು ಒರಟು ಮೈ ಮಾಡಿ ಬಳಸುತ್ತಾರೆ. ಮರಳನ್ನು ರಭಸದಿಂದ ಬಡಿದು ಮೆತ್ತನೆಯ ಭಾಗ ಸವೆಸುವ ವಿಧಾನಕ್ಕೆ ಲಂಡನ್ನಿನ ಆಲ್ಫ್ರೆಡ್ ಡನ್‌ಹಿಲ್ 1917ರಲ್ಲಿ ಪೇಟೆಂಟ್ ಪಡೆದ.

ನಳಿಗೆಯ ವಸ್ತುವೂ ಇದೇ ಕಾಲದಲ್ಲಿ ಬದಲಾಯಿತು. ಮೊದಲು ಕೊಂಬು, ಮೂಳೆ, ಅಂಬರು ಇದ್ದವು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಯಾಗಿಸುವುದು ಸಾಧ್ಯವಾದ ಮೇಲೆ ಎಬೊನೈಟ್ ಅವುಗಳ ಜಾಗ ಹಿಡಿಯಿತು. ಅದು ಹಲ್ಲಿಗೆ ಹಿತ, ಆದರೆ ಬಿಸಿಲಿಗೂ ಗಾಳಿಗೂ ಒಡ್ಡಿದರೆ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ಕೆಡುತ್ತದೆ. ಈಚಿನ ಅಕ್ರಿಲಿಕ್ ಹೊಳಪು ಕೆಡದು, ಹಲ್ಲಿಗೆ ಮಾತ್ರ ಬಿರುಸು. ಡಬ್ಲಿನ್ನಿನ ಚಾರ್ಲ್ಸ್ ಪೀಟರ್ಸನ್ 1890ರಲ್ಲಿ ಕೊರಳಿನೊಳಗೆ ಕಹಿ ನೀರು ತಂಗುವ ಗುಳಿಗೂ, 1898ರಲ್ಲಿ ಹೊಗೆಯನ್ನು ನಾಲಿಗೆಯ ಬದಲು ಮೇಲಂಗುಳದ ಕಡೆ ಬಿಡುವ ಬಾಯಿತುದಿಗೂ ಪೇಟೆಂಟ್ ಮಾಡಿಸಿದ.

ಆಕಾರಗಳ ಕುಟುಂಬ

ಮರ ಗಟ್ಟಿಯಾದ್ದರಿಂದ ನಳಿಗೆ ಮೊಟಕಾಗಬಹುದಾಯಿತು, ಬಟ್ಟಲಿನ ಗೋಡೆ ದಪ್ಪವಾಗಬಹುದಾಯಿತು. ಇಂದು ಸಾಂಪ್ರದಾಯಿಕ ಎನಿಸಿಕೊಂಡ ಆಕಾರಗಳು ಬಹುಪಾಲು ಬ್ರೈಯರಿನ ಕಾಲದಲ್ಲಿ ನೆಲೆಗೊಂಡವು.

ಎಲ್ಲಕ್ಕೂ ಮೂಲಮಾನ ಬಿಲಿಯರ್ಡ್. ಅದರ ಬಟ್ಟಲು ನೆಟ್ಟಗಿನ ಕೊಳವೆಯಂಥದು, ಬಟ್ಟಲಿನ ಎತ್ತರವೂ ಕೊರಳಿನ ಉದ್ದವೂ ಹೆಚ್ಚುಕಡಿಮೆ ಸಮ. ಬಟ್ಟಲು ದುಂಡಾದರೆ ಆ್ಯಪಲ್, ಗಿಡ್ಡವಾಗಿ ಬಾಯಿ ಅಗಲವಾದರೆ ಪಾಟ್. ಬಾಯಿ ಅಗಲವಿದ್ದು ಬುಡದ ಕಡೆ ಕಿರಿದಾಗುತ್ತ ಬಂದರೆ ಡಬ್ಲಿನ್. ಹಳೆಯ ಮಣ್ಣಿನ ಚುಂಗಾಣಿಯ ಗುರುತು ಇದರಲ್ಲಿ ಹೆಚ್ಚು ಉಳಿದಿದೆ. ತಳ ಚಪ್ಪಟೆಯಾಗಿ ಮೇಜಿನ ಮೇಲೆ ನಿಲ್ಲುವುದು ಪೋಕರ್.

ಕೊರಳನ್ನು ಹಿಡಿದು ಹೆಸರಾದವು ಬೇರೆ. ಕೊರಳು ಉದ್ದ, ನಳಿಗೆ ಮೋಟು ಆದರೆ ಅದು ಕೆನೇಡಿಯನ್ ಗುಂಪು. ಕೆನೇಡಿಯನ್ನಿನ ಕೊರಳು ಅಂಡಾಕಾರ, ಲಿವರ್‌ಪೂಲ್ ಮತ್ತು ಲವಟ್‌ಗಳದು ದುಂಡು. ಉದ್ದ ಕೊರಳಿಗೆ ದೋಷವಿಲ್ಲದ ದೊಡ್ಡ ತುಂಡು ಬೇಕಾಗುತ್ತದೆ. ಹೊಗೆ ಮರದೊಳಗೆ ಹೆಚ್ಚು ದೂರ ಸಾಗುವುದರಿಂದ ತೇವ ಹೆಚ್ಚು ಹೀರಿಹೋಗುತ್ತದೆ. ಬುಲ್‌ಡಾಗ್ ಮತ್ತು ರೋಡೇಶಿಯನ್ನಿನ ಬಟ್ಟಲು ಒಂದೇ ಬಗೆಯದು: ನಡು ಉಬ್ಬಿ, ಮೇಲಕ್ಕೆ ಕಿರಿದಾಗಿ, ಉಬ್ಬಿನ ಮೇಲ್ಗಡೆ ಎರಡು ಗೀರುಗಳು ಸುತ್ತುತ್ತವೆ. ಕೊರಳು ನಾಲ್ಕು ಮೂಲೆಯದಾದರೆ ಬುಲ್‌ಡಾಗ್, ದುಂಡಾದರೆ ರೋಡೇಶಿಯನ್.

ನೇರ ಚುಂಗಾಣಿಯ ನಳಿಗೆಯಿಂದ ಬಟ್ಟಲಿನ ಬುಡದವರೆಗೆ ಶುಚಿಕಡ್ಡಿ ಸಲೀಸಾಗಿ ಸಾಗುತ್ತದೆ. ಬಾಗಿದ್ದರಲ್ಲಿ ಬಟ್ಟಲು ಗಲ್ಲದ ಕೆಳಗೆ ಜೋತುಬೀಳುವುದರಿಂದ ಹಲ್ಲಿನ ಮೇಲೆ ಭಾರ ಕಡಿಮೆ, ಆದರೆ ಬಾಗಿನಲ್ಲಿ ನೀರು ನಿಲ್ಲುತ್ತದೆ, ಕೊರೆಯುವುದೂ ಕಷ್ಟ. ಪೂರ್ತಿ ಬಾಗಿದ ರೂಪಕ್ಕೆ ಟ್ರಾನ್ಸ್‌ವಾಲಿನ ಅಧ್ಯಕ್ಷ ಪಾಲ್ ಕ್ರೂಗರ್ ಅವರ ಅಡ್ಡಹೆಸರಾದ ಊಮ್ ಪಾಲ್ ಎಂಬುದೇ ಹೆಸರಾಯಿತು.

ದಕ್ಷಿಣ ಆಫ್ರಿಕದ ಕ್ಯಾಲಬಾಶ್ ಮರದ್ದಲ್ಲ, ಸೋರೆಯದು. ಬಳ್ಳಿಯಲ್ಲಿರುವಾಗಲೇ ಕಾಯಿಯ ಕತ್ತು ಬಾಗುವಂತೆ ಬೆಳೆಸಿ, ಬಲಿತ ಮೇಲೆ ಒಣಗಿಸಿ, ಬಾಯಿಗೆ ಮೀರ್‌ಶಾಮಿನ ಬಟ್ಟಲು ಕೂರಿಸುತ್ತಾರೆ. ಬಟ್ಟಲಿಗೂ ಬುರುಡೆಗೂ ನಡುವೆ ಉಳಿಯುವ ಟೊಳ್ಳಿನಲ್ಲಿ ಹೊಗೆ ಹರಡಿ ಆರುತ್ತದೆ, ನೀರು ಕೆಳಗೆ ಇಳಿಯುತ್ತದೆ. ಶಾಖ, ಹೊಗೆ, ತೇವ ಮೂರಕ್ಕೂ ಒಟ್ಟಿಗೆ ಉತ್ತರ ಕೊಟ್ಟ ರೂಪ ಇದು. ಷರ್ಲಾಕ್ ಹೋಮ್ಸ್‌ನ ಚಿತ್ರದೊಂದಿಗೆ ಕ್ಯಾಲಬಾಶ್ ಅಂಟಿಕೊಂಡಿದ್ದರೂ ಕಾನನ್ ಡಾಯ್ಲ್ ಬರೆದ ಕಥೆಗಳಲ್ಲಿ ಅವನು ಸೇದುವುದು ಮಣ್ಣು, ಬ್ರೈಯರ್ ಮತ್ತು ಚೆರಿ ಮರದವನ್ನು.

20ನೇ ಶತಮಾನದ ನಡುವಿನಲ್ಲಿ ಡೆನ್ಮಾರ್ಕಿನ ಸಿಕ್ಸ್‌ಟನ್ ಇವರ್ಸನ್ ಮೊದಲಾದವರು ಈ ಪಟ್ಟಿಯಾಚೆಗೆ ಹೋದರು. ಮೊದಲೇ ಗೊತ್ತುಮಾಡಿದ ಆಕಾರಕ್ಕೆ ಮರವನ್ನು ಒಗ್ಗಿಸುವ ಬದಲು ಮರದ ಎಳೆ ಹೋದ ಕಡೆ ಬಟ್ಟಲನ್ನು ರೂಪಿಸಿದರು.

ಆರೋಗ್ಯ ಮತ್ತು ಕಾನೂನು

ಹೊಗೆಯನ್ನು ಆರಿಸಬಹುದು, ನಿರಪಾಯ ಮಾಡಲಾಗದು. ಚುಂಗಾಣಿ ಸೇದುವವರಲ್ಲಿ ತುಟಿಯ ಕ್ಯಾನ್ಸರ್ ಹೆಚ್ಚೆಂದು ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಥಾಮಸ್ ಝೊಮ್ಮರಿಂಗ್ 1795ರಲ್ಲೇ ಗುರುತಿಸಿದ್ದ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರಿಗೆ ಚುಂಗಾಣಿಯೂ ಕಾರಣವೆಂದು ನಂತರದ ವೈದ್ಯಕೀಯ ಸಂಶೋಧನೆ ಸ್ಥಿರಪಡಿಸಿದೆ. ಹುಕ್ಕಾದ ನೀರು ಹೊಗೆಯ ವಿಷವನ್ನು ಸೋಸಿಬಿಡುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹುಕ್ಕಾ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು.

ಸಿಗರೇಟು ಹರಡಿದಂತೆ ಚುಂಗಾಣಿಯ ಬಳಕೆ ಎಲ್ಲೆಡೆ ಇಳಿದಿದೆ. ಬ್ರೋಸ್ಲಿಯ ಕೊನೆಯ ಕಾರ್ಖಾನೆ ವಸ್ತುಸಂಗ್ರಹಾಲಯವಾಯಿತು. ಸಾಂ ಕ್ಲೋದ್‌ನಲ್ಲೂ ಆಮ್‌ಸ್ಟರ್‌ಡ್ಯಾಮಿನಲ್ಲೂ ಚುಂಗಾಣಿಗೆಂದೇ ಸಂಗ್ರಹಾಲಯಗಳಿವೆ. ಬೀದರಿನ ಕುಶಲಕರ್ಮಿಗಳು ಅದೇ ಎರಕ, ಅದೇ ಬೆಳ್ಳಿ, ಅದೇ ಕೋಟೆಮಣ್ಣಿನಿಂದ ಈಗ ಹೂದಾನಿ, ಡಬ್ಬಿ, ತಟ್ಟೆ, ಆಭರಣಗಳನ್ನು ಮಾಡುತ್ತಿದ್ದಾರೆ.